ಅರಿವಳಿಕೆ ಕೊಡುವವರು ಯಾರು ಎಂದು ಕೇಳಿದ್ದೀರಾ?

ಮನೆಯಲ್ಲಿ ಯಾರಿಗಾದರೂ ಆಪರೇಶನ್ ಎಂದರೆ "ಸರ್ಜನ್ ಯಾರು?" ಎಂದು ಎಲ್ಲರೂ ಕೇಳುತ್ತೇವೆ. ಅರಿವಳಿಕೆ ಕೊಡುವವರು ಯಾರೆಂದು ಕೇಳುವವರು ವಿರಳ. ಆಪರೇಶನ್ ಮುಗಿಯುವವರೆಗೂ ರೋಗಿಯ ಉಸಿರು, ನಾಡಿ, ರಕ್ತದೊತ್ತಡವನ್ನು ಕಾಯುವವರು ಅವರೇ.

ನೋವು ಮರೆಸುವ ಪ್ರಯತ್ನ ಹಳೆಯದು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಅಫೀಮು ಮುಂತಾದ ಮದ್ದುಗಳನ್ನು ಹೇಳಿದ್ದಾರೆ. ಆದರೆ ಅವುಗಳ ಪ್ರಮಾಣ ಸ್ವಲ್ಪ ಹೆಚ್ಚಾದರೂ ಪ್ರಾಣಕ್ಕೆ ಅಪಾಯ. ಇಂದು ಇದು ಎಂಬಿಬಿಎಸ್ ನಂತರ ಮೂರು ವರ್ಷ ಎಂ.ಡಿ. ಓದಿದ ತಜ್ಞರ ಕೆಲಸ. ನನ್ನಂಥ ಯುನಾನಿ ವೈದ್ಯರದ್ದಲ್ಲ.

ತಜ್ಞರ ಕೊರತೆ

ಲಕ್ಷ ಜನರಿಗೆ ಕನಿಷ್ಠ 5 ಅರಿವಳಿಕೆ ತಜ್ಞರು ಬೇಕೆನ್ನುತ್ತದೆ ಈ ತಜ್ಞರ ವಿಶ್ವ ಒಕ್ಕೂಟ. ಭಾರತ ಆ ಮಟ್ಟ ಮುಟ್ಟಿಲ್ಲ. ಇರುವವರಲ್ಲೂ ಹೆಚ್ಚಿನವರು ನಗರಗಳಲ್ಲಿದ್ದಾರೆ. ತುರ್ತು ಹೆರಿಗೆಗಳಿಗಾಗಿ ಎಂಬಿಬಿಎಸ್ ವೈದ್ಯರಿಗೇ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ ತಂದದ್ದು ಇದೇ ಕಾರಣಕ್ಕೆ.

ಹನೂರು ಅಥವಾ ಯಳಂದೂರಿನ ಹಳ್ಳಿಯಲ್ಲಿ ನಡುರಾತ್ರಿ ಹೆರಿಗೆ ಕಷ್ಟವಾಯಿತೆನ್ನಿ. ಹೋದ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಅರಿವಳಿಕೆ ವೈದ್ಯರಿಲ್ಲದಿದ್ದರೆ ಮತ್ತೆ ಚಾಮರಾಜನಗರಕ್ಕೋ ಮೈಸೂರಿಗೋ ಓಡಬೇಕು. ತಾಯಿ, ಮಗು ಇಬ್ಬರಿಗೂ ಆ ಹೊತ್ತು ಅಮೂಲ್ಯ. ಆದ್ದರಿಂದ ಎಂಟನೇ ತಿಂಗಳಲ್ಲೇ ಕೇಳಿಡಿ: ರಾತ್ರಿ ಸಿಸೇರಿಯನ್ ಆಗುತ್ತದೆಯೇ? ಅರಿವಳಿಕೆ ವೈದ್ಯರು ಸಿಗುತ್ತಾರೆಯೇ? ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ಮುಚ್ಚಿಡಬೇಡಿ

ನನ್ನ ಬಳಿ ತಿಂಗಳುಗಟ್ಟಲೆ ಮಾಜೂನ್ ಸೇವಿಸುತ್ತಿದ್ದ ಹಿರಿಯರೊಬ್ಬರು ಹರ್ನಿಯಾ ಆಪರೇಶನ್‌ಗೆ ಹೋದಾಗ ಅದನ್ನು ಹೇಳಿರಲಿಲ್ಲ. "ಗಿಡಮೂಲಿಕೆ ತಾನೇ, ಹಕೀಮ್ ಸಾಬ್" ಎಂದರು. ತಪ್ಪು ನನ್ನದೂ ಹೌದು, ನಾನೇ ಎಚ್ಚರಿಸಬೇಕಿತ್ತು. ಕೆಲವು ಮೂಲಿಕೆಗಳಿಂದ ರಕ್ತಸ್ರಾವ ಹೆಚ್ಚಬಹುದು, ಮಂಪರು ಗಾಢವಾಗಬಹುದು. ಎರಡು ವಾರ ಮೊದಲೇ ಎಲ್ಲ ಔಷಧಗಳನ್ನೂ ತಿಳಿಸಿ. ಬೀಡಿ, ತಂಬಾಕು, ಆಸ್ತಮಾ, ಅಲುಗಾಡುವ ಹಲ್ಲು, ಇವನ್ನೂ ಹೇಳಿ.

ಇದು ರೋಜಾ ಅಲ್ಲ

ಸಾಮಾನ್ಯವಾಗಿ ಲಘು ಆಹಾರ 6 ಗಂಟೆ ಮೊದಲು, ಎದೆಹಾಲು 4 ಗಂಟೆ ಮೊದಲು, ಬರೀ ನೀರು 2 ಗಂಟೆ ಮೊದಲು ನಿಲ್ಲಬೇಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕವಲ್ಲ, ಆಹಾರದ ಲೆಕ್ಕ. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗಿದರೆ ಜೀವಕ್ಕೇ ಅಪಾಯ. ಹಾಗೆಂದು ಮಗುವಿಗೆ ರಾತ್ರಿಯಿಡೀ ನೀರು ತಪ್ಪಿಸುವುದೂ ಬೇಡ. ನಿಮ್ಮ ವೈದ್ಯರು ಹೇಳಿದ ಸಮಯವೇ ಅಂತಿಮ.

ಅರಿವಳಿಕೆಯಿಂದ ಮಗುವಿನ ಬುದ್ಧಿ ಮಂಕಾಗುತ್ತದೆಂಬ ಭಯ ಹಲವರಿಗಿದೆ. 2019ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನವೊಂದರಲ್ಲಿ, ಶೈಶವದಲ್ಲಿ ಒಮ್ಮೆ, ಒಂದು ಗಂಟೆಗಿಂತ ಕಡಿಮೆ ಅವಧಿಯ ಪೂರ್ಣ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಮಟ್ಟದಲ್ಲಿ 5ನೇ ವಯಸ್ಸಿಗೆ ಕೊರತೆ ಕಂಡಿಲ್ಲ. ಅಗತ್ಯ ಆಪರೇಶನ್ ಮುಂದೂಡಬೇಡಿ.

ಕೊನೆಯ ಮಾತು. ಹೆರಿಗೆ ಕೋಣೆಯಲ್ಲಿ ಮಹಿಳಾ ವೈದ್ಯರೇ ಬೇಕೆನ್ನುತ್ತೇವೆ. ಹಾಗಾದರೆ ನಮ್ಮ ಹೆಣ್ಣುಮಕ್ಕಳು ಎಂಬಿಬಿಎಸ್ ಮುಗಿಸಿದಾಗ ಅರಿವಳಿಕೆ ವಿಭಾಗದ ಹೆಸರನ್ನೂ ಅವರ ಮುಂದಿಡೋಣ. ಓದಿ ಬಂದು ಈ ಮೂರು ತಾಲೂಕಿನಲ್ಲೇ ನಿಲ್ಲುವ ಒಬ್ಬರಿದ್ದರೂ ಎಷ್ಟೋ ತಾಯಂದಿರ ನಡುರಾತ್ರಿಯ ಓಟ ತಪ್ಪೀತು.