ಸಿಇಟಿ ಅಳೆಯೋದು ಏನನ್ನು?

ನಮ್ಮಲ್ಲಿ ಬಹಳಷ್ಟು ಜನ ಸಿಇಟಿ ಬರೆದೇ ಇಲ್ಲಿಗೆ ಬಂದವರು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದ್ರೆ ಪ್ರಶ್ನೆಗೆ 80 ಸೆಕೆಂಡ್. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸುತ್ತಾ ಹೋದರೂ ಸರಾಸರಿ 15 ಅಂಕ ಬರಬೇಕು, ಬರೀ ಪ್ರಾಬಬಿಲಿಟಿ ಲೆಕ್ಕದಲ್ಲಿ.

ಆದರೆ ದೊಡ್ಡ ತೊಂದರೆ ಅದಲ್ಲ. ಎಕ್ಸ್ ಕಾಸ್ ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ ಅಂತ ಕೇಳಿದ್ದಾರೆ ಅಂದುಕೊಳ್ಳೋಣ. ಪರೀಕ್ಷಿಸಬೇಕಾದದ್ದು 'ಬೈ ಪಾರ್ಟ್ಸ್' ವಿಧಾನ. ನಾವು ಮಾಡೋದೇನು? ಕೊಟ್ಟ ನಾಲ್ಕು ಉತ್ತರಗಳನ್ನೇ ಒಂದೊಂದಾಗಿ ಡಿಫರೆನ್ಷಿಯೇಟ್ ಮಾಡ್ತೀವಿ. ಎಕ್ಸ್ ಸೈನ್ ಎಕ್ಸ್ ಪ್ಲಸ್ ಕಾಸ್ ಎಕ್ಸ್ ಸಿಕ್ಕಾಗ ಸೈನ್‌ಗಳು ಕ್ಯಾನ್ಸಲ್ ಆಗಿ ಕೇಳಿದ್ದೇ ಉಳಿಯುತ್ತೆ. ವೃತ್ತ ತುಂಬಿದ್ರೆ ಮುಗೀತು. ಇಂಟಿಗ್ರೇಶನ್ ಪ್ರಶ್ನೆ ಅಳೆದದ್ದು ಡಿಫರೆನ್ಷಿಯೇಶನ್ನನ್ನು! 80 ಸೆಕೆಂಡಿನಲ್ಲಿ ಅದೇ ಜಾಣತನ, ಅದನ್ನೇನೂ ತಪ್ಪು ಅನ್ನೋಕಾಗಲ್ಲ.

ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದ್ದು, ಅಲ್ಲಿ ಹಂತ ಬರೆಯಲೇಬೇಕು, ನಿಜ. ಇನ್ನರ್ಧದ ಉಪಕರಣಕ್ಕೆ ಲ್ಯಾಬ್ ಭಾಷೆಯಲ್ಲಿ ಪ್ರಿಸಿಷನ್ ಇದೆ: ಒಎಂಆರ್ ಹಾಳೆಯನ್ನು ಯಂತ್ರ ಎಷ್ಟು ಸಲ ಓದಿದರೂ ಅಷ್ಟೇ ಅಂಕ. ಅಕ್ಯುರಸಿ ಬಗ್ಗೆ ನಮಗೆ ಅನುಮಾನ. ಎಂಜಿನಿಯರಿಂಗ್ ಗಣಿತದ ಪರೀಕ್ಷೆಯಲ್ಲಿ ಅಂಥದ್ದೇ ಇಂಟಿಗ್ರಲ್ ಬಂದಾಗ ಹಂತ ಹಂತವಾಗಿ ಬಿಡಿಸಬೇಕು, ಕೆಳಗೆ ಎ, ಬಿ, ಸಿ, ಡಿ ಇರೋದಿಲ್ಲ.