ಪರದೆಯ ಹಿಂದಿನ ಲೆಕ್ಕ

ಕಳೆದ ವರ್ಷ ವಾರ್ಷಿಕೋತ್ಸವದ ಹಾಸ್ಯ ನಾಟಕಕ್ಕೆ ನಾನೂ ಹೆಸರು ಕೊಟ್ಟಿದ್ದೆ. ನಮ್ಮ ಮನೆಮಾತು ಉರ್ದು. ಸಂಭಾಷಣೆ ಓದಿ ತೋರಿಸುವಾಗ ಗಾಬರಿಯಲ್ಲಿ "ರಾಣಿ ಬಂದನು" ಎಂದುಬಿಟ್ಟೆ. ಎಲ್ಲರೂ ನಕ್ಕರು. ನನಗೆ ಪಾತ್ರ ಸಿಗಲಿಲ್ಲ, ಖರ್ಚಿನ ಪುಸ್ತಕ ಸಿಕ್ಕಿತು. "ಹೇಗೂ ನೀನು ಕಾಮರ್ಸ್ ಅಲ್ಲವಾ" ಎಂದರು.

ಬಣ್ಣ, ಮೈಕ್, ಉಡುಪಿನ ಬಾಡಿಗೆ ಬರೆಯುತ್ತಾ ಪರದೆಯ ಪಕ್ಕದಲ್ಲಿ ಬೇಸರದಿಂದ ಕುಳಿತೆ. ಒಂದು ದಿನ ಮಳೆ ಬಂದು ತಾಲೀಮು ನಿಂತಿತು. ಆದರೆ ಉಡುಪಿನ ಬಾಡಿಗೆ ನಿಲ್ಲಲಿಲ್ಲ. ತರಗತಿಯಲ್ಲಿ ಓದಿದ್ದ 'ಸ್ಥಿರ ವೆಚ್ಚ' ನನಗೆ ನಿಜವಾಗಿ ಅರ್ಥವಾದದ್ದು ಅವತ್ತು.

ಆಮೇಲೆ ಗುಬ್ಬಿ ವೀರಣ್ಣನವರ (1891–1972) ಬಗ್ಗೆ ಓದಿದೆ. ತುಮಕೂರಿನಿಂದ ಗುಬ್ಬಿ ಸುಮಾರು 20 ಕಿ.ಮೀ. ಅಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರು ಬಾಲನಟರಾಗಿ ಸೇರಿ, ಮುಂದೆ ಮಾಲೀಕರೇ ಆದರು. 'ಸದಾರಮೆ' ನಾಟಕದ ಕಳ್ಳನ ಪಾತ್ರದಲ್ಲಿ ಅವರು ಜನರನ್ನು ನಗಿಸಿದ್ದು ಇಂದಿಗೂ ಮಾತಿನಲ್ಲಿದೆ. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು.

ನೋಡುವವರಿಗೆ ಅದು ವೈಭವ, ಲೆಕ್ಕ ಬರೆಯುವವರಿಗೆ ದಿನದ ಖರ್ಚು. ನನ್ನ ನಾನಾ ಮನೆ ಕುಣಿಗಲ್, ಕುದುರೆ ಫಾರಂಗೆ ಹೆಸರಾದ ಊರು. "ಕುದುರೆಗೆ ರಜೆ ಕೊಡಬಹುದು, ಅದರ ಹೊಟ್ಟೆಗೆ ರಜೆ ಇಲ್ಲ" ಎಂದು ನಾನಾ ಹೇಳುತ್ತಿದ್ದರು. ಆಟ ಇರಲಿ ಬಿಡಲಿ, ನಾಟಕ ಕಂಪನಿಯಲ್ಲಿ ಪ್ರಾಣಿಗಳಿಗೆ ಮೇವು, ನಟರಿಗೆ ಊಟ ಆಗಲೇಬೇಕು. ಟಿಕೆಟ್ ಹಣ ಮಾತ್ರ ಆಟ ನಡೆದ ರಾತ್ರಿಯೇ ಬರಬೇಕು.

ಸಿನಿಮಾದ ಲೆಕ್ಕ ಬೇರೆ. ಒಂದು ಟಿಕೆಟ್ಟೂ ಮಾರುವ ಮೊದಲೇ ಹೆಚ್ಚಿನ ಬಂಡವಾಳ ಖರ್ಚಾಗಿರುತ್ತದೆ. ಚಿತ್ರ ಗೆದ್ದರೆ ಅದೇ ನಟನೆ ಒಂದೇ ರಾತ್ರಿ ಹತ್ತಾರು ಊರುಗಳಲ್ಲಿ ದುಡಿಯುತ್ತದೆ, ಸೋತರೆ ಹಾಕಿದ ಹಣ ಹೋಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ತಯಾರಾದದ್ದು ದೂರದ ಕೊಲ್ಹಾಪುರದಲ್ಲಿ. ಅದಕ್ಕೆ ಬರೆದವರು ನಮ್ಮ ತುಮಕೂರು ಸೀಮೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂಥ ಕಾಲದಲ್ಲೂ ವೀರಣ್ಣನವರು ಧೈರ್ಯ ಮಾಡಿದರು. 1935ರಲ್ಲಿ 'ಸದಾರಮೆ' ಸಿನಿಮಾ ಆಯಿತು, ಅವರೂ ಅದರಲ್ಲಿ ನಟಿಸಿದರು.

ನಗಿಸುವವರಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ನಾಟಕದಲ್ಲಿ ಜನ ನಕ್ಕರೆ ನಟ ಸ್ವಲ್ಪ ತಡೆದು ಮುಂದಿನ ಮಾತು ಹೇಳುತ್ತಾನೆ. ಕ್ಯಾಮೆರಾ ನಗುವುದಿಲ್ಲ. ಎಲ್ಲಿ ನಗು ಬರುತ್ತದೆ ಎಂದು ಅವನೇ ಅಂದಾಜು ಮಾಡಬೇಕು. ರಂಗದ ಮೇಲೆ ಪಳಗಿದವರಿಗೆ ಈ ಅಂದಾಜು ಇತ್ತು. 1954ರ 'ಬೇಡರ ಕಣ್ಣಪ್ಪ' ನೋಡಿ. ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜ್ ಅದರಲ್ಲಿ ರಾಜ್‌ಕುಮಾರ್ ಆದರು. ನಮ್ಮ ಜಿಲ್ಲೆಯ ತಿಪಟೂರಿನ ನರಸಿಂಹರಾಜು ಅದೇ ಚಿತ್ರದಿಂದ ಹೆಸರಾದರು.

ಅದರ ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಅವರ ಹಿಂದಿನ ಚಿತ್ರಗಳನ್ನು ಹುಡುಕುವಾಗ ನಾನು ಒಂದು ಹೆಸರಿನ ಮುಂದೆ ನಿಂತುಬಿಟ್ಟೆ. ಸಿಂಹ ಅವರ 'ಸಂಸಾರ ನೌಕ' (1936) ಕನ್ನಡದ ಮೊದಲ ಸಾಮಾಜಿಕ ಚಿತ್ರ. ಅದಕ್ಕೂ ಮೊದಲು ಅದನ್ನು ನಾಟಕವಾಗಿ ಆಡಿದ್ದು ಚಂದ್ರಕಲಾ ನಾಟಕ ಮಂಡಳಿ. ಆ ಮಂಡಳಿಯ ಒಡೆಯರು, ಕನ್ನಡ ರಂಗಭೂಮಿಯ ದೊಡ್ಡ ನಟರು, ಮಹಮದ್ ಪೀರ್! ಅಮ್ಮಿಗೆ ಓದಿ ಹೇಳಿದೆ. "ಇನ್ನೊಮ್ಮೆ ಓದು" ಎಂದರು.

ನಾನು ಎರಡು ಪಾಠ ಕಲಿತೆ. ಪರದೆಯ ಹಿಂದೆ ಒಬ್ಬರು ಲೆಕ್ಕ ಸರಿಯಾಗಿ ಇಡದಿದ್ದರೆ ಪರದೆ ಏಳುವುದಿಲ್ಲ. ಮತ್ತು, ಕನ್ನಡ ರಂಗದ ಮೇಲೆ ನಮ್ಮಂಥವರಿಗೆ ಜಾಗ ಹೊಸದಾಗಿ ಕೇಳಬೇಕಾಗಿಲ್ಲ, ಅದು ಮೊದಲಿನಿಂದ ಇದೆ.

ಈ ವರ್ಷವೂ ಹೆಸರು ಕೊಟ್ಟಿದ್ದೇನೆ. ರಾಣಿ ಈ ಸಲ "ಬಂದಳು" ಎಂದೇ ಬರುತ್ತಾಳೆ. ಖರ್ಚಿನ ಪುಸ್ತಕವನ್ನೂ ನಾನೇ ಇಟ್ಟುಕೊಳ್ಳುತ್ತೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ