ಬಾಗಿದ ಸ್ಪ್ರಿಂಗು ಕಲಿಸುವ ಪಾಠ



ನಮ್ಮ ಏರುದಾರಿಗಳಲ್ಲಿ ಓಡಾಡಿದ ಹಳೆಯ ಜೀಪುಗಳ ಅಡಿಯನ್ನು ನೀವು ಬಗ್ಗಿ ನೋಡಿರಬಹುದು. ಚಕ್ರದ ಬಳಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಕಾಣುತ್ತವೆ. ವರ್ಕ್‌ಶಾಪಿನವರು ಅವನ್ನು 'ಪ್ಲೇಟು' ಎನ್ನುತ್ತಾರೆ. 1941ರ ವಿಲ್ಲಿಸ್ ಜೀಪಿನಲ್ಲಿಯೂ ಇದ್ದುದು ಇಂಥ ಪಟ್ಟಿಗಳೇ. ಇವು ಎರಡು ಕೆಲಸ ಮಾಡುತ್ತವೆ. ಗಾಡಿಯ ಭಾರವನ್ನು ಹೊರುವುದು ಒಂದು; ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲನ್ನು ಅದರ ಜಾಗದಲ್ಲಿಯೇ ಹಿಡಿದಿಡುವುದು ಇನ್ನೊಂದು.

ಕಾಲ ಕಳೆದಂತೆ ಪಟ್ಟಿಯ ಜಾಗಕ್ಕೆ ಸುರುಳಿ ಸ್ಪ್ರಿಂಗು ಬಂತು. ಅಮೆರಿಕದ ಜೀಪ್ ಚೆರೋಕೀ ಗಾಡಿಯ 1984ರ ಮಾದರಿಯಲ್ಲಿ ಮುಂದಿನ ಆಕ್ಸಲಿಗೆ, ರ‍್ಯಾಂಗ್ಲರ್ ಗಾಡಿಯ 1997ರ ಮಾದರಿಯಲ್ಲಿ ಹಿಂದೆ ಮುಂದೆ ಎರಡಕ್ಕೂ ಸುರುಳಿ ಸ್ಪ್ರಿಂಗನ್ನು ಇಟ್ಟರು. ನಮ್ಮ ದೇಶದಲ್ಲಿ 2023ರಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿಯಲ್ಲಿಯೂ ಇಂಥದೇ ಏರ್ಪಾಡಿದೆ. ಸುರುಳಿಯಿಂದ ಪ್ರಯಾಣ ಮೆತ್ತಗಾಗುತ್ತದೆ, ನಿಜ. ಆದರೆ ಅದು ಭಾರವನ್ನು ಮಾತ್ರ ಹೊರುತ್ತದೆ, ಆಕ್ಸಲನ್ನು ಹಿಡಿದಿಡಲಾರದು. ಆ ಕೆಲಸಕ್ಕೆ ಬೇರೆ ಉಕ್ಕಿನ ತೋಳುಗಳು ಬೇಕು. ಇವೇ 'ಕಂಟ್ರೋಲ್ ಆರ್ಮ್'ಗಳು. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲಿಗೆ. ಎರಡು ಕಡೆಯೂ ರಬ್ಬರ್ ಬುಷ್ ಹಾಕಿದ ಕೀಲು. ಆಕ್ಸಲು ಪಕ್ಕಕ್ಕೆ ಜಾರದಂತೆ 'ಟ್ರ್ಯಾಕ್ ಬಾರ್' ಎಂಬ ಅಡ್ಡಸರಳು ತಡೆಯುತ್ತದೆ.

ಗಾಡಿಯನ್ನು ಎತ್ತರಿಸಿದಾಗ

ಅಮೆರಿಕದ ಯೂಟಾ ರಾಜ್ಯದ ಮೋವಾಬ್ ಬಂಡೆಗಳ ಮೇಲೆ, ಕ್ಯಾಲಿಫೋರ್ನಿಯದ ರುಬಿಕಾನ್ ಕಾಡುದಾರಿಯಲ್ಲಿ ಜೀಪು ಓಡಿಸುವ ಹವ್ಯಾಸಿಗಳು ಬಹಳ ಮಂದಿ. ಕಲ್ಲಿಗೆ ತಳ ತಾಗಬಾರದು, ದೊಡ್ಡ ಟಯರು ಹಿಡಿಸಬೇಕು ಎಂದು ಅವರು ಮೂಲ ಸ್ಪ್ರಿಂಗನ್ನು ತೆಗೆದು ಉದ್ದನೆಯ ಸ್ಪ್ರಿಂಗನ್ನು ಹಾಕುತ್ತಾರೆ. ಗಾಡಿ ಐದೋ ಹತ್ತೋ ಸೆಂಟಿಮೀಟರ್ ಮೇಲೇಳುತ್ತದೆ. ಕೆಲಸ ಮುಗಿಸಿ ನೋಡಿದರೆ ನೆಟ್ಟಗಿರಬೇಕಾದ ಹೊಸ ಸ್ಪ್ರಿಂಗು ಬಿಲ್ಲಿನಂತೆ ಬಾಗಿರುತ್ತದೆ! "ಸ್ಪ್ರಿಂಗೇ ಕೆಟ್ಟದ್ದು" ಎಂದು ಅದನ್ನು ಹಿಂದಿರುಗಿಸಿ ಬೇರೊಂದನ್ನು ತಂದರೆ ಅದೂ ಹಾಗೆಯೇ ಬಾಗುತ್ತದೆ. ಹಾಗಾದರೆ ತಪ್ಪು ಎಲ್ಲಿದೆ?

ಒಂದು ಚಿಕ್ಕ ಪ್ರಯೋಗ

ಬಾಲ್ ಪೆನ್ನಿನೊಳಗಿನ ಸ್ಪ್ರಿಂಗನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿರಿ. ಬೆರಳುಗಳು ಒಂದಕ್ಕೊಂದು ನೇರವಾಗಿದ್ದು ಸಮಾನಾಂತರವಾಗಿದ್ದರೆ, ಸ್ವಲ್ಪ ಒತ್ತುವವರೆಗೆ ಅದು ನೆಟ್ಟಗೆ ನಿಲ್ಲುತ್ತದೆ. ಈಗ ಕೆಳಗಿನ ಬೆರಳನ್ನು ಸ್ವಲ್ಪ ಓರೆ ಮಾಡಿರಿ. ಸ್ಪ್ರಿಂಗಿನ ನಡುಭಾಗ ಒಂದು ಕಡೆಗೆ ಉಬ್ಬುತ್ತದೆ. ಓರೆ ಮಾಡದೆ ಬೆರಳನ್ನು ಪಕ್ಕಕ್ಕೆ ಸರಿಸಿದರೆ ಅದು ಹಾವಿನಂತೆ ಎರಡು ಕಡೆಗೂ ಬಳುಕುತ್ತದೆ. ಸ್ಪ್ರಿಂಗು ಬದಲಾಗಲಿಲ್ಲ, ಬದಲಾದುದು ಅದರ ತುದಿಗಳನ್ನು ಹಿಡಿದ ಬೆರಳು. ಈ ಪಾಠದ ತಿರುಳು ಇಷ್ಟೆ.

ಒತ್ತುವ ಬಲ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಕುಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದನು. ಉದ್ದನೆಯ ಕಂಬದ ಮೇಲೆ ಭಾರ ಹೆಚ್ಚಿದರೆ ಅದು ಪಕ್ಕಕ್ಕೆ ಬಾಗುವುದೇಕೆ ಎಂಬುದರ ಲೆಕ್ಕವನ್ನು ಲಿಯೋನಾರ್ಡ್ ಆಯ್ಲರ್ 1744ರಲ್ಲಿ ಪ್ರಕಟಿಸಿದನು. ಸ್ಪ್ರಿಂಗೂ ಒಂದು ಬಗೆಯ ಕಂಬವೇ. ಎರಡು ತುದಿಗಳೂ ಸಮತಟ್ಟಾಗಿ ಸಮಾನಾಂತರವಾಗಿ ಭದ್ರವಾಗಿದ್ದರೆ, ವ್ಯಾಸದ ಸುಮಾರು 5.2 ಪಟ್ಟು ಉದ್ದದವರೆಗಿನ ಉಕ್ಕಿನ ಸ್ಪ್ರಿಂಗು ಎಷ್ಟು ಒತ್ತಿದರೂ ಪಕ್ಕಕ್ಕೆ ಬಾಗದು. ತುದಿಗಳು ಓರೆಯಾಗಲು ಆಸ್ಪದವಿದ್ದರೆ ಈ ಮಿತಿ ಸುಮಾರು 2.6ಕ್ಕೆ, ಎಂದರೆ ಅರ್ಧಕ್ಕೆ ಇಳಿಯುತ್ತದೆ. ಗಾಡಿ ಎತ್ತರಿಸುವವರು ಸ್ಪ್ರಿಂಗನ್ನು ಉದ್ದ ಮಾಡುತ್ತಾರೆ, ವ್ಯಾಸ ಮಾತ್ರ ಮೊದಲಿನಷ್ಟೇ ಇರುತ್ತದೆ. ಆದ್ದರಿಂದ ತುದಿಗಳ ಸ್ಥಿತಿ ಈಗ ಮೊದಲಿಗಿಂತ ಮುಖ್ಯವಾಗುತ್ತದೆ.

ಪೈಥಾಗೊರಸನ ಪ್ರಮೇಯ ಇಲ್ಲಿಗೆ ಹೇಗೆ ಬಂತು?

ಮುಂದಿನ ಆಕ್ಸಲಿನ ತೋಳುಗಳು ಆಕ್ಸಲಿನಿಂದ ಹಿಂದಕ್ಕೆ ಚಾಚಿ ಚಾಸಿಯನ್ನು ಸೇರುತ್ತವೆ. ಗಾಡಿ ಮೇಲೆದ್ದರೆ ತೋಳಿನ ಇಳಿಜಾರು ಹೆಚ್ಚುತ್ತದೆ. ಗೋಡೆಗೊರಗಿಸಿದ ಏಣಿಯನ್ನು ಕಡಿದಾಗಿ ನಿಲ್ಲಿಸಿದರೆ ಅದರ ಬುಡ ಗೋಡೆಯ ಹತ್ತಿರ ಬರುವುದಿಲ್ಲವೇ? ಹಾಗೆಯೇ ಆಕ್ಸಲೂ ಹಿಂದಕ್ಕೆ ಬರುತ್ತದೆ.

ತೋಳಿನ ಉದ್ದ 40 ಸೆ.ಮೀ. ಎಂದಿಟ್ಟುಕೊಳ್ಳೋಣ. ಮೊದಲು ಆಕ್ಸಲಿನ ಕಡೆಯ ಕೀಲು ಚಾಸಿಯ ಕೀಲಿಗಿಂತ 5 ಸೆ.ಮೀ. ಕೆಳಗಿತ್ತು. ಆಗ ಎರಡು ಕೀಲುಗಳ ನಡುವಣ ಅಡ್ಡದೂರದ ವರ್ಗ 1600 - 25 = 1575; ಅಡ್ಡದೂರ ಸುಮಾರು 39.7 ಸೆ.ಮೀ. ಗಾಡಿಯನ್ನು 10 ಸೆ.ಮೀ. ಎತ್ತರಿಸಿದ ಮೇಲೆ ಆ ಕೀಲು 15 ಸೆ.ಮೀ. ಕೆಳಗಾಯಿತು. ಈಗ 1600 - 225 = 1375; ಅಡ್ಡದೂರ ಸುಮಾರು 37.1 ಸೆ.ಮೀ. ಅಂದರೆ ಆಕ್ಸಲು ಸುಮಾರು 2.6 ಸೆ.ಮೀ. ಹಿಂದಕ್ಕೆ ಸರಿದಿದೆ. ಅದರ ಮೇಲಿರುವ ಸ್ಪ್ರಿಂಗಿನ ಕೆಳಗಣ ಪೀಠವೂ ಜೊತೆಯಲ್ಲಿ ಸರಿದಿದೆ. ಮೇಲಣ ಪೀಠ ಚಾಸಿಯಲ್ಲಿ ಇದ್ದಲ್ಲಿಯೇ ಇದೆ.

ಇಷ್ಟೇ ಅಲ್ಲ. ಮೇಲಿನ ತೋಳು ಮತ್ತು ಕೆಳಗಿನ ತೋಳುಗಳ ಉದ್ದ ಒಂದೇ ಆಗಿರುವುದಿಲ್ಲ. ಆದ್ದರಿಂದ ಆಕ್ಸಲು ಇಳಿಯುವಾಗ ಸ್ವಲ್ಪ ತಿರುಗುತ್ತದೆ. ಕೆಳಗಣ ಪೀಠ ಓರೆಯಾಗುತ್ತದೆ. ಪೆನ್ನಿನ ಸ್ಪ್ರಿಂಗಿನಲ್ಲಿ ಕಂಡ ಎರಡು ಕಾರಣಗಳೂ ಇಲ್ಲಿ ಕೂಡಿದವು.

ಬಾಗಿದರೆ ಏನು ತೊಂದರೆ?

ಬಾಗು ಅಲ್ಪವಾಗಿದ್ದು, ಸುರುಳಿಗಳು ಪಕ್ಕದ ಯಾವ ಭಾಗಕ್ಕೂ ತಾಗದಿದ್ದರೆ ಹೆದರಬೇಕಿಲ್ಲ. ಉದ್ದ ಸ್ಪ್ರಿಂಗಿನಲ್ಲಿ ಸ್ವಲ್ಪ ಬಾಗು ಸಹಜ. ಹೆಚ್ಚು ಬಾಗಿದರೆ ಒಂದು ಪಕ್ಕದ ಸುರುಳಿಗಳ ಮೇಲೆ ಒತ್ತಡ ಹೆಚ್ಚುತ್ತದೆ. ಅವು ಒಂದಕ್ಕೊಂದು ಅಥವಾ ಪೀಠಕ್ಕೆ ಉಜ್ಜಿ ಸವೆಯುತ್ತವೆ. ಇದಕ್ಕಿಂತ ದೊಡ್ಡ ಅಪಾಯ ಸ್ಟೀರಿಂಗಿನದು. ಆಕ್ಸಲು ತಿರುಗಿದಾಗ ಸಾಮಾನ್ಯವಾಗಿ 'ಕ್ಯಾಸ್ಟರ್' ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಚಕ್ರಗಳು ತಾವಾಗಿ ನೇರಕ್ಕೆ ಬರುವುದು ಈ ಕೋನದಿಂದ. ಅದು ಕಡಿಮೆಯಾದರೆ ವೇಗದಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ. ಹೀಗೆ ಬಾಗಿದ ಸ್ಪ್ರಿಂಗು ಒಳಗಿನ ದೋಷವನ್ನು ಹೊರಗೆ ತೋರಿಸುವ ಗುರುತಾಗಿದೆ. ಜ್ವರವನ್ನು ಬಿಟ್ಟು ಥರ್ಮಾಮೀಟರನ್ನು ಬೈದರೆ ಏನು ಪ್ರಯೋಜನ?

ಸರಿಪಡಿಸುವ ಕ್ರಮ

1. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಚಕ್ರಗಳ ಮೇಲೆಯೇ ನಿಲ್ಲಿಸಿ, ಸ್ಪ್ರಿಂಗಿನ ತುದಿ ಪೀಠದ ಗುರುತಿನಲ್ಲಿ ಸರಿಯಾಗಿ ಕೂತಿದೆಯೇ, ಸ್ಪ್ರಿಂಗುಗಳು ಹಿಂದುಮುಂದಾಗಿವೆಯೇ ಎಂದು ನೋಡಬೇಕು. ಎಷ್ಟೋ ಸಲ ದೋಷ ಇಲ್ಲಿಗೇ ಮುಗಿಯುತ್ತದೆ.

2. ತೋಳುಗಳ ಬೋಲ್ಟುಗಳನ್ನು ಗಾಡಿಯನ್ನು ಎತ್ತಿ ಚಕ್ರ ತೂಗಾಡುವಾಗ ಬಿಗಿದಿದ್ದರೆ, ರಬ್ಬರ್ ಬುಷ್‌ಗಳು ಆ ಸ್ಥಿತಿಯಲ್ಲಿಯೇ ಕಚ್ಚಿಕೊಂಡು, ಗಾಡಿ ಇಳಿಸಿದಾಗ ತಿರುಚಿಕೊಳ್ಳುತ್ತವೆ. ಚಕ್ರಗಳ ಮೇಲೆ ಭಾರ ಬಿಟ್ಟು, ಬೋಲ್ಟು ಸಡಿಲಿಸಿ, ಗಾಡಿಯನ್ನು ಕುಲುಕಿ, ಮತ್ತೆ ಬಿಗಿಯಬೇಕು.

3. ಚಾಸಿಯ ಒಂದು ಗುರುತಿನಿಂದ ತೂಗುಗುಂಡು ಇಳಿಬಿಟ್ಟು, ಆಕ್ಸಲು ಎಷ್ಟು ಹಿಂದೆ ಸರಿದಿದೆ ಎಂದು ಎಡಬಲ ಎರಡು ಕಡೆಯೂ ಅಳೆಯಬೇಕು.

4. ಕೆಳಗಿನ ತೋಳುಗಳ ಬದಲು ಉದ್ದ ಹೊಂದಿಸಬಲ್ಲ ತೋಳುಗಳನ್ನು ಹಾಕಬೇಕು. ಎಷ್ಟು ಉದ್ದ? ಮೊದಲಿನ ಅಡ್ಡದೂರ ಉಳಿಯಬೇಕಾದರೆ 1575 + 225 = 1800; ಇದರ ವರ್ಗಮೂಲ ಸುಮಾರು 42.4. ನಮ್ಮ ಉದಾಹರಣೆಯಲ್ಲಿ ತೋಳು 2.4 ಸೆ.ಮೀ. ಉದ್ದವಾಗಬೇಕು. ತೋಳಿನ ಚಾಸಿ ಕಡೆಯ ಕೀಲನ್ನು ಬ್ರಾಕೆಟ್ ಹಾಕಿ ಕೆಳಗಿಳಿಸಿ ಇಳಿಜಾರನ್ನೇ ಕಡಿಮೆ ಮಾಡುವುದು ಇನ್ನೊಂದು ದಾರಿ.

5. ಮೇಲಿನ ತೋಳುಗಳಿಂದ ಆಕ್ಸಲನ್ನು ತಿರುಗಿಸಿ ಪೀಠದ ಓರೆಯನ್ನೂ ಕ್ಯಾಸ್ಟರನ್ನೂ ಸರಿಪಡಿಸಬೇಕು. ಅತಿಯಾಗಿ ತಿರುಗಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕೋನ ಹೆಚ್ಚಿ ಅದು ಅದುರುತ್ತದೆ. ಎರಡಕ್ಕೂ ಒಪ್ಪುವ ನಡುದಾರಿ ಬೇಕು. ಇನ್ನೂ ಓರೆ ಉಳಿದರೆ ಪೀಠದ ಮೇಲೆ ಬೆಣೆಯಾಕಾರದ ಬಿಲ್ಲೆ ಇಡುತ್ತಾರೆ.

6. ಆಕ್ಸಲು ಪಕ್ಕಕ್ಕೆ ಸರಿದಿದ್ದರೆ ಅಡ್ಡಸರಳನ್ನು ಹೊಂದಿಸಬೇಕು. ಕೊನೆಗೆ ಚಕ್ರಗಳನ್ನು ಪೂರ್ತಿ ಇಳಿಸಿಯೂ ಪೂರ್ತಿ ಏರಿಸಿಯೂ ಏನೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಸ್ಪ್ರಿಂಗನ್ನು ಗ್ಯಾಸಿನಿಂದ ಕಾಯಿಸಿ ನೆಟ್ಟಗೆ ಮಾಡುವುದು, ಸುತ್ತಿಗೆಯಿಂದ ಬಡಿಯುವುದು ಎಂದಿಗೂ ಸಲ್ಲದು. ಕಾಯಿಸಿದರೆ ಉಕ್ಕಿನ ಹದ ಕೆಟ್ಟು ಸ್ಪ್ರಿಂಗು ಕುಸಿಯುತ್ತದೆ.

ಎಚ್ಚರಿಕೆ

ಒಂದು ಮಿಲಿಮೀಟರ್ ಕುಗ್ಗಲು 30 ನ್ಯೂಟನ್ ಬಲ ಬೇಕಾದ ಸ್ಪ್ರಿಂಗನ್ನು 15 ಸೆ.ಮೀ. ಒತ್ತಿದರೆ ಅದರಲ್ಲಿ ಸುಮಾರು 337 ಜೂಲ್ ಶಕ್ತಿ ಅಡಗಿರುತ್ತದೆ. ಹತ್ತು ಕಿಲೋಗ್ರಾಂ ಕಲ್ಲು ಸುಮಾರು 3.4 ಮೀಟರ್ ಎತ್ತರದಿಂದ ಬಿದ್ದರೆ ಬರುವ ಪೆಟ್ಟು ಇದು. ಸ್ಪ್ರಿಂಗು ಒತ್ತುವ ಸರಿಯಾದ ಸಲಕರಣೆಯಿಲ್ಲದೆ, ಬರಿಯ ಜಾಕನ್ನು ನಂಬಿ ಗಾಡಿಯ ಅಡಿಗೆ ಯಾರೂ ಹೋಗಕೂಡದು. ಮಕ್ಕಳು ದೂರ ನಿಂತು ನೋಡಿದರೆ ಸಾಕು.

ಪೋಷಕರು ಇನ್ನೊಂದನ್ನು ನೆನಪಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕನು ವಾಹನವನ್ನು ಬದಲಾಯಿಸುವಂತಿಲ್ಲ. ಗಾಡಿಯ ರೂಪ ಬದಲಾಯಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ನಮ್ಮ ಶಾಲೆಗಳಿಂದ ಹೊರಟು ಐ.ಟಿ.ಐ. ಸೇರುವವರು, ವರ್ಕ್‌ಶಾಪಿನಲ್ಲಿ ಕೈಕೆಲಸ ಕಲಿಯುವವರು ಪ್ರತಿ ವರ್ಷವೂ ಇರುತ್ತಾರೆ. "ಪೈಥಾಗೊರಸನ ಪ್ರಮೇಯ ಅನ್ನಕ್ಕೆ ಬರುತ್ತದೆಯೇ?" ಎಂದು ಕೇಳುವವರಿಗೆ ಇಲ್ಲಿ ಉತ್ತರವಿದೆ. ಲೆಕ್ಕ ಬಲ್ಲ ಮೆಕ್ಯಾನಿಕನು ತೋಳನ್ನು ಅಳೆದು ದೋಷವನ್ನು ಹಿಡಿಯುತ್ತಾನೆ. ಲೆಕ್ಕ ಬಾರದವನು ಒಂದಾದ ಮೇಲೊಂದು ಸ್ಪ್ರಿಂಗು ಬದಲಿಸಿ, ಗಾಡಿಯ ಯಜಮಾನನ ಹಣವನ್ನೂ ತನ್ನ ಹೆಸರನ್ನೂ ಕಳೆಯುತ್ತಾನೆ.

ಅಭ್ಯಾಸ

1. ತೋಳಿನ ಉದ್ದ 80 ಸೆ.ಮೀ. ಆಗಿದ್ದು, ಕೀಲು 5ರಿಂದ 15 ಸೆ.ಮೀ.ಗೆ ಇಳಿದರೆ ಆಕ್ಸಲು ಎಷ್ಟು ಸರಿಯುತ್ತದೆ? ಉದ್ದ ತೋಳಿನಿಂದ ಆಗುವ ಲಾಭವೇನು?

2. ಹಿಂದಿನ ಆಕ್ಸಲಿನ ತೋಳುಗಳು ಆಕ್ಸಲಿನಿಂದ ಮುಂದಕ್ಕೆ ಚಾಚಿರುತ್ತವೆ. ಗಾಡಿಯನ್ನು ಎತ್ತರಿಸಿದರೆ ಆ ಆಕ್ಸಲು ಯಾವ ಕಡೆಗೆ ಸರಿಯುತ್ತದೆ? ಚಿತ್ರ ಬರೆದು ತೋರಿಸಿರಿ.